ನಮ್ಮ ಲ್ಯಾಬಿನ ಮೇಡಂ ಮತ್ತು ಒಂಬತ್ತು ಹಠಮಾರಿಗಳು

ಮೇಡಂ ಹೋದ ಸುದ್ದಿ ಬಂದ ದಿನ ನಾನು ಅಳಲಿಲ್ಲ. ಎದುರಿಗೆ ಸಿಕ್ಕವರಿಗೆಲ್ಲ ಅವರ ಕಥೆ ಹೇಳಿದೆ. ಬನಶಂಕರಿಯ ಅವರ ಮನೆಗೆ ಹೋಗಲು ಹತ್ತಿದ ಆಟೋದ ಡ್ರೈವರಿಗೆ ಹೇಳಿದೆ. ಶಾಮಿಯಾನದ ಕೆಳಗೆ ಕುಳಿತಿದ್ದ, ನನಗೆ ಗುರುತೇ ಇಲ್ಲದ ಅವರ ನೆಂಟರಿಗೆ ಹೇಳಿದೆ. "ನಮ್ಮ ಅತ್ತೆ ಇಷ್ಟೆಲ್ಲ ಮಾಡಿದ್ರಾ?" ಎಂದು ಒಬ್ಬ ಹೆಣ್ಣುಮಗಳು ಬಾಯಿ ಬಿಟ್ಟುಕೊಂಡು ಕೇಳಿದಳು. ಸಾವಿನ ಮನೆಯಲ್ಲಿ ಹಾಗೆ ಉತ್ಸಾಹದಿಂದ ಮಾತಾಡಬಾರದೆಂದು ನನಗೂ ಗೊತ್ತು. ಏನು ಮಾಡಲಿ, ಅವರ ವಿಷಯ ಬಂದರೆ ನನಗೆ ದನಿ ತಗ್ಗಿಸಲು ಬರುವುದಿಲ್ಲ. ಅವರಿಗಂತೂ ಯಾವ ವಿಷಯಕ್ಕೂ ಬರುತ್ತಿರಲಿಲ್ಲ.

ಅವರು ಡಾಕ್ಟರಲ್ಲ. ಜಯನಗರದ ಒಂದು ಟ್ರಸ್ಟ್ ಆಸ್ಪತ್ರೆಯ ಲ್ಯಾಬಿನಲ್ಲಿ ಹಿರಿಯ ಟೆಕ್ನಿಷಿಯನ್. ತೊಂಬತ್ತರ ದಶಕದ ನಡುವಿನಲ್ಲಿ ನಾನು ಡಿಪ್ಲೊಮಾ ಮುಗಿಸಿ ಅಲ್ಲಿ ಸೇರಿದಾಗ ಅವರಿಗೆ ಐವತ್ತರ ಹತ್ತಿರ. ಕುಳ್ಳು, ದಪ್ಪ, ದಪ್ಪ ಕನ್ನಡಕ. ಬಿಳಿ ಕೋಟಿನ ಜೇಬಿನಲ್ಲಿ ಸದಾ ಕೋಡುಬಳೆ. ರಕ್ತದ ಗಾಜಿಗೆ ಹಾಕುವ ಬಣ್ಣ ಹತ್ತಿ ಹತ್ತಿ ಬೆರಳ ತುದಿಗಳು ನೇರಳೆಹಣ್ಣು ತಿಂದವರ ಹಾಗೆ ಇರುತ್ತಿದ್ದವು. ಸೇರಿದ ಮೊದಲ ದಿನವೇ ನನ್ನನ್ನು ಮೈಕ್ರೋಸ್ಕೋಪಿನ ಮುಂದೆ ಕೂರಿಸಿ, "ಏನು ಕಾಣ್ಸುತ್ತೆ ಹೇಳೋ" ಎಂದರು. "ಬಿಳಿ ಕಣಗಳು ಮೇಡಂ" ಎಂದೆ. "ಅದು ನಂಗೂ ಗೊತ್ತು. ಯಾರ್ಯಾರು ಬಂದಿದ್ದಾರೆ, ಯಾರು ಬಂದಿಲ್ಲ, ಅದನ್ನ ಹೇಳು!" ಎಂದು ರೇಗಿದರು. ಮದುವೆ ಮನೆಯ ಬಾಗಿಲಲ್ಲಿ ನಿಂತು ಬಂದವರನ್ನು ಗುರುತಿಸುವ ಹಿರಿಯಕ್ಕನ ಉತ್ಸಾಹ ಅವರದು.

ಆಗಿನ್ನೂ ನಮ್ಮಲ್ಲಿ ಕಣ ಎಣಿಸುವ ಯಂತ್ರ ಬಂದಿರಲಿಲ್ಲ. ಒಂದು ತೊಟ್ಟು ರಕ್ತವನ್ನು ಗಾಜಿನ ಮೇಲೆ ಎಳೆದು, ಬಣ್ಣ ಹಾಕಿ, ಕಣ್ಣಿಟ್ಟು ಎಣಿಸಬೇಕು. ನೂರು ಬಿಳಿ ಕಣಗಳಲ್ಲಿ ಯಾವ ಜಾತಿಯವು ಎಷ್ಟೆಷ್ಟು ಎಂಬ ಈ ಲೆಕ್ಕಕ್ಕೆ ಡಿಸಿ ಎನ್ನುತ್ತಾರೆ. ಕೈಯಡಿಯಲ್ಲಿ ಒತ್ತುಗುಂಡಿಗಳ ಒಂದು ಪೆಟ್ಟಿಗೆ. ಒಂದೊಂದು ಕಣಕ್ಕೂ ಒಂದೊಂದು ಟಕ್, ನೂರಾದಾಗ ಟಣ್ ಎಂದು ಗಂಟೆ. ಜ್ವರ ಬಂದವರಿಂದ ಹಿಡಿದು ಆಪರೇಷನ್‌ಗೆ ಮಲಗುವವರ ತನಕ ಎಲ್ಲರಿಗೂ ಬರೆದುಕೊಡುವ ರೂಟೀನ್ ಪರೀಕ್ಷೆ ಇದು. ಅಷ್ಟು ರೂಟೀನ್ ಎಂದರೆ ಎಷ್ಟೋ ಡಾಕ್ಟರರು ಆ ಸಾಲಿನ ಮೇಲೆ ಕಣ್ಣನ್ನೂ ಹಾಯಿಸುತ್ತಿರಲಿಲ್ಲ. ಮೇಡಂಗೆ ಅದೇ ಸಿಟ್ಟು. "ನಾವು ಕಣ್ಣು ಕಳ್ಕೊಂಡು ಎಣಿಸೋದು, ಅವರು ಪೇಜ್ ತಿರುವಿ ಹಾಕೋದು. ಹತ್ತು ಕಟ್ಟೋ ಕಡೆ ಒಂದು ಮುತ್ತು ಕಟ್ಟು ಅಂತಾರೆ. ಇಲ್ಲಿ ಮುತ್ತು ಕಟ್ಟಿಕೊಟ್ರೂ ನೋಡೋರಿಲ್ಲ ನೋಡು."

ನಮ್ಮ ಆಸ್ಪತ್ರೆಗೆ ಬಾಯಿ, ನಾಲಿಗೆ, ಗಂಟಲಿನ ಕ್ಯಾನ್ಸರ್‌ನವರು ಬಹಳ ಬರುತ್ತಿದ್ದರು. ಹೊಗೆಸೊಪ್ಪು, ಕಡ್ಡಿಪುಡಿ, ಬೀಡಿ ಇವುಗಳ ಪ್ರಸಾದ. ಆಪರೇಷನ್‌ಗೆ ಮೊದಲು ಅವರ ರಕ್ತ ನಮ್ಮಲ್ಲಿಗೆ ಬರುತ್ತಿತ್ತು. ಅದನ್ನು ಎಣಿಸುತ್ತಾ ಎಣಿಸುತ್ತಾ ಮೇಡಂಗೆ ಒಂದು ಗುಮಾನಿ ಹುಟ್ಟಿತು. ಬಿಳಿ ಕಣಗಳಲ್ಲಿ ಮುಖ್ಯವಾದವು ಎರಡು ಜಾತಿ. ನ್ಯೂಟ್ರೋಫಿಲ್ಲುಗಳನ್ನು ಮೇಡಂ ಜಗಳಗಂಟರು ಎನ್ನುತ್ತಿದ್ದರು. ಎಲ್ಲಿ ಉರಿ, ಎಲ್ಲಿ ಊತ, ಅಲ್ಲಿಗೆ ಮೊದಲು ಓಡುವವರು. ಲಿಂಫೋಸೈಟುಗಳು ಜಾಣರು, ವೈರಿಯನ್ನು ಗುರುತಿಟ್ಟುಕೊಂಡು ಹೊಡೆಯುವವರು. ಆರೋಗ್ಯವಂತರಲ್ಲಿ ಜಗಳಗಂಟರು ಜಾಣರ ಎರಡರಷ್ಟು ಇರಬಹುದು, ಸ್ವಲ್ಪ ಹೆಚ್ಚು ಕಡಿಮೆ. ಆದರೆ ಕೆಲವು ಕ್ಯಾನ್ಸರ್ ರೋಗಿಗಳಲ್ಲಿ ಜಗಳಗಂಟರು ತುಂಬಿ ತುಳುಕುತ್ತಿದ್ದರು, ಜಾಣರು ಹುಡುಕಿದರೂ ಸಿಗುತ್ತಿರಲಿಲ್ಲ. ಅಂಥವರು ಆಪರೇಷನ್ ಚೆನ್ನಾಗಿಯೇ ಆಗಿದ್ದರೂ ವರ್ಷ ತುಂಬುವುದರೊಳಗೆ ಮತ್ತೆ ಗಡ್ಡೆ ಎದ್ದು ಬರುತ್ತಿದ್ದರು, ಇಲ್ಲವೇ ಬರುತ್ತಲೇ ಇರಲಿಲ್ಲ.

"ಇದನ್ನ ಅದರಿಂದ ಭಾಗಿಸು, ಅಷ್ಟೇ ಕಣೋ! ಮೂರನೇ ಕ್ಲಾಸ್ ಭಾಗಾಕಾರ!" ಎಂದು ನನ್ನ ಭುಜಕ್ಕೆ ಹೊಡೆಯುತ್ತಿದ್ದರು. ಗ್ರಾಫ್ ಹಾಳೆಯೊಂದನ್ನು ತಂದು ಲ್ಯಾಬಿನ ಗೋಡೆಗೆ ಅಂಟಿಸಿದರು. ಒಬ್ಬೊಬ್ಬ ರೋಗಿಗೆ ಒಂದೊಂದು ಚುಕ್ಕಿ. ಬದುಕಿದ್ದರೆ ಹಸಿರು, ಹೋಗಿದ್ದರೆ ಕೆಂಪು. ಭಾಗಾಕಾರದ ಉತ್ತರ ದೊಡ್ಡದಾದಷ್ಟೂ ಚುಕ್ಕಿ ಬಲಕ್ಕೆ ಹೋಗುತ್ತದೆ. ಕೆಲವು ತಿಂಗಳಲ್ಲಿ ನಡುವೆ ಒಂದು ಗೆರೆ ಎಳೆಯಬಹುದಾಯಿತು. ಎಡಕ್ಕೆ ಹೆಚ್ಚಾಗಿ ಹಸಿರು, ಬಲಕ್ಕೆ ಹೆಚ್ಚಾಗಿ ಕೆಂಪು. ಹಿಮೋಗ್ಲೋಬಿನ್ ಕಡಿಮೆ ಇದ್ದವರ ಚುಕ್ಕಿಯ ಸುತ್ತ ಒಂದು ಸೊನ್ನೆ ಹಾಕುತ್ತಿದ್ದರು. ಕೆಂಪು ಚುಕ್ಕಿಗಳಲ್ಲಿ ಸೊನ್ನೆ ಇಲ್ಲದ್ದೇ ಅಪರೂಪ. ಇಎಸ್‌ಆರ್ ಎಂಬ, ರಕ್ತಕಣಗಳು ತಳಕ್ಕಿಳಿಯುವ ವೇಗದ ಪರೀಕ್ಷೆಯನ್ನೂ ಸೇರಿಸಿ ನೋಡಿ, "ಇದು ನೆಗಡಿಗೂ ಏರುತ್ತೆ, ನಂಬಬಾರದು" ಎಂದು ಕೈಬಿಟ್ಟರು. ಹಲ್ಲಿನಲ್ಲಿ ಕೀವು ಇದ್ದವರು, ಜ್ವರ ಇದ್ದವರು ಹಾಳೆಗೇ ಬೇಡ. ಅವರಲ್ಲಿ ಜಗಳಗಂಟರು ಸುಮ್ಮಸುಮ್ಮನೆ ಹೆಚ್ಚಿರುತ್ತಾರಲ್ಲ. ಯಾರೂ ಹೇಳಿಕೊಟ್ಟಿರಲಿಲ್ಲ, ಯಾರೂ ಕೇಳಿರಲಿಲ್ಲ. ಸ್ವಂತ ಬುದ್ಧಿಯಿಂದ ಇಷ್ಟನ್ನೂ ಮಾಡಿದ್ದರು ಎಂದು ಈಗ ನೆನೆದರೂ ನನಗೆ ರೋಮಾಂಚನವಾಗುತ್ತದೆ.

ಆದರೆ ಯಾರು ಬದುಕಿದ್ದಾರೆ, ಯಾರು ಇಲ್ಲ ಎಂದು ತಿಳಿಯುವುದು ಹೇಗೆ? ಆಪರೇಷನ್ ಆದಮೇಲೆ ಅರ್ಧಕ್ಕರ್ಧ ಜನ ಆಸ್ಪತ್ರೆಯ ಕಡೆ ತಲೆ ಹಾಕುತ್ತಿರಲಿಲ್ಲ. ಮೇಡಂ ಜೋಡಿ ಕಾರ್ಡು ಬರೆಯತೊಡಗಿದರು. ಉತ್ತರ ಬರೆಯುವ ಕಾರ್ಡೂ ಜೊತೆಗೇ ಅಂಟಿಕೊಂಡು ಬರುತ್ತಿತ್ತಲ್ಲ, ಅಂಚೆ ಇಲಾಖೆಯ ಆ ಕಾರ್ಡು. ವಿಳಾಸ ಬರೆಯುವ ಕೆಲಸ ಅವರ ಯಜಮಾನರದು. ಅವರ ಅಕ್ಷರ ಮುತ್ತಿನಂತಿತ್ತು. ಉತ್ತರ ಬಾರದಿದ್ದರೆ ಭಾನುವಾರ ಸಿಟಿ ಬಸ್ಸು ಹತ್ತಿ ಮನೆ ಹುಡುಕಿಕೊಂಡು ಹೋಗುವುದು. ಜೊತೆಗೆ ನಾನು.

ಬಾಗಿಲಲ್ಲಿ ನಿಂತು "ನಿಮ್ಮ ಯಜಮಾನ್ರು ಬದುಕಿದ್ದಾರಾ?" ಎಂದು ಕೇಳಲಾಗುತ್ತದೆಯೇ? ಮೇಡಂ ಅದಕ್ಕೊಂದು ಉಪಾಯ ಮಾಡಿದ್ದರು. "ಒಂದು ಲೋಟ ನೀರು ಕೊಡ್ತೀರಾಮ್ಮಾ, ಬಿಸಿಲು" ಎಂದು ಒಳಗೆ ಹೋಗಿ ಕೂರುವುದು. ನೀರು ಬರುವಷ್ಟರಲ್ಲಿ ನಡುಮನೆಯ ಗೋಡೆ ನೋಡುವುದು. ಹಾರ ಹಾಕಿದ ಫೋಟೋ ಇದ್ದರೆ ಮಾತಿನ ದಾರಿಯೇ ಬೇರೆ, ಇಲ್ಲದಿದ್ದರೆ ಬೇರೆ.

ಕತ್ರಿಗುಪ್ಪೆಯಲ್ಲಿ ಈ ಉಪಾಯ ಕೈಕೊಟ್ಟಿತು. ಗೋಡೆಯ ಮೇಲೆ ನಮ್ಮ ರೋಗಿಯದೇ ಫೋಟೋ, ಗಂಧದ ಹಾರ, ಮುಂದೆ ಊದುಬತ್ತಿ. ಮೇಡಂ ಸೆರಗಿನಿಂದ ಕಣ್ಣೊರೆಸಿಕೊಂಡು, "ಎಂಥಾ ಒಳ್ಳೆ ಮನುಷ್ಯ ಕಣಮ್ಮ, ರಕ್ತ ಕೊಡುವಾಗ ಒಂದು ಮಾತು ಆಡ್ಲಿಲ್ಲ" ಎಂದು ಶುರು ಮಾಡಿದರು. ಅಷ್ಟರಲ್ಲಿ ಬಚ್ಚಲಮನೆಯ ಬಾಗಿಲು ತೆರೆದು ಟವೆಲ್ ಸುತ್ತಿಕೊಂಡು ರೋಗಿಯೇ ಬಂದು ನಿಲ್ಲಬೇಕೆ! ಫೋಟೋ ಅವರ ಅಣ್ಣನದು, ಇಬ್ಬರದೂ ಒಂದೇ ಅಚ್ಚು. "ಇನ್ನೂ ಟೈಮ್ ಇದೆ ಮೇಡಂ" ಎಂದು ಆತ ಹೊಲಿದ ಕೆನ್ನೆಯ ಇನ್ನೊಂದು ಪಕ್ಕದಿಂದ ನಕ್ಕರು. ಮೇಡಂ ನಗುತ್ತ ನಗುತ್ತ ನೀರು ನೆತ್ತಿಗೆ ಹತ್ತಿಸಿಕೊಂಡರು. ಬಸ್ ಸ್ಟಾಪಿಗೆ ಬರುವ ತನಕ "ಹಸಿರು ಕಣೋ! ಹಸಿರು!" ಎಂದು ರಸ್ತೆಯಲ್ಲೇ ಕೂಗುತ್ತಿದ್ದರು. ಮನೆಮಗ ಪರೀಕ್ಷೆಯಲ್ಲಿ ರ‍್ಯಾಂಕ್ ಬಂದ ಹಾಗೆ ಸಂಭ್ರಮ.

ಒಂದು ವಿಷಯದಲ್ಲಿ ಮಾತ್ರ ಅವರು ಕಟ್ಟುನಿಟ್ಟು. ಭಾಗಾಕಾರದ ಉತ್ತರವನ್ನು ರೋಗಿಗೆ ಎಂದೂ ಹೇಳಕೂಡದು. "ಇದು ಸಾವಿನ ಲೆಕ್ಕ ಅಲ್ಲ. ಯಾರನ್ನ ಬೇಗ ಬೇಗ ಕರೆದು ನೋಡ್ಬೇಕು ಅನ್ನೋ ಲೆಕ್ಕ. ಅಷ್ಟಕ್ಕೆ ಮಾತ್ರ ಉಪಯೋಗಿಸ್ಬೇಕು" ಎನ್ನುತ್ತಿದ್ದರು.

ಇದನ್ನು ಮೊದಲು ನಂಬಿದವರು ಹುಬ್ಬಳ್ಳಿ ಕಡೆಯಿಂದ ಹೊಸದಾಗಿ ಬಂದು ಬಿಟಿಎಂ ಲೇಔಟ್‌ನಲ್ಲಿ ಬಾಡಿಗೆಗಿದ್ದ ಒಬ್ಬ ಯುವ ಸರ್ಜನ್. ರಿಪೋರ್ಟು ಕೇಳಲು ಬಂದವರು ಗೋಡೆಯ ಹಾಳೆ ನೋಡಿ ಅಲ್ಲೇ ನಿಂತುಬಿಟ್ಟರು. "ಮೇಡಮ್ಮರ, ಇದು ಖರೇನ ಐತೇನ್ರಿ?" ಎಂದರು. ಮೇಡಂ ವಿವರಿಸಿದ್ದೇ ತಡ, "ಇದು ಭಾರಿ ಐತಲ್ರಿ! ಪುಕ್ಕಟ ಸಿಗೋ ಮಾಹಿತಿ ನಾವು ಕಸದಬುಟ್ಟಿಗೆ ಹಾಕಾಕತ್ತೀವಲ್ರಿ!" ಎಂದು ಕುರ್ಚಿ ಎಳೆದುಕೊಂಡು ಕೂತರು. ಅಂದಿನಿಂದ ಅವರಿಬ್ಬರಲ್ಲಿ ಒಂದು ಒಪ್ಪಂದವಾಯಿತು. ಗೆರೆಯ ಬಲಕ್ಕೆ ಬಿದ್ದವರ ಫೈಲಿಗೆ ಮೇಡಂ ಒಂದು ಹಳದಿ ಚೀಟಿ ಸಿಕ್ಕಿಸುವುದು. ಚೀಟಿ ಇದ್ದವರನ್ನು ಡಾಕ್ಟರು ಮೂರು ತಿಂಗಳಿಗೊಮ್ಮೆ ಅಲ್ಲ, ತಿಂಗಳಿಗೊಮ್ಮೆ ಕರೆಸಿ ಕತ್ತು, ಬಾಯಿ ತಡಕಿ ನೋಡುವುದು. ಗಡ್ಡೆ ಮತ್ತೆ ಬಂದರೂ ಕಾಳಿನಷ್ಟಿರುವಾಗಲೇ ಸಿಕ್ಕಿದರೆ ತೆಗೆಯಬಹುದಲ್ಲ. ಹಾಗೆ ಸಿಕ್ಕಿ ಉಳಿದವರೂ ಇದ್ದರು. ಹಳದಿ ಚೀಟಿ ಎಂದರೆ ಕೆಲವರಿಗೆ ಪ್ರಾಣ ಎಂದೇ ಅರ್ಥ.

ಇನ್ನು ನನ್ನ ಕಥೆ. ಹೇಳಲೇಬೇಕು.

ಲ್ಯಾಬಿನಲ್ಲಿ ಕೆಲಸ ಹಂಚಿಕೊಂಡಿದ್ದೆವು. ಬೆಸ ನಂಬರಿನ ಗಾಜುಗಳು ಮೇಡಂಗೆ, ಸಮ ನಂಬರಿನವು ನನಗೆ. ಸೇರಿದ ಎರಡನೆಯ ವರ್ಷ ನಾನು ಸಂಜೆ ಜೆಪಿ ನಗರದ ಇನ್ನೊಂದು ಲ್ಯಾಬಿನಲ್ಲೂ ಕೆಲಸ ಹಿಡಿದೆ. ನಾಲ್ಕು ಗಂಟೆಗೆ ಇಲ್ಲಿಂದ ಬಿಡಬೇಕು, ಮೇಜಿನ ಮೇಲೆ ಇಪ್ಪತ್ತು ಗಾಜು ಉಳಿದಿರುತ್ತಿತ್ತು. ಆಗ ನಾನು ಮಾಡುತ್ತಿದ್ದದ್ದನ್ನು ಲ್ಯಾಬುಗಳಲ್ಲಿ ಕೆಲಸ ಮಾಡಿದವರು ಕೂಡಲೇ ಊಹಿಸುತ್ತಾರೆ. ಗಾಜನ್ನು ಮೈಕ್ರೋಸ್ಕೋಪಿಗೆ ಇಡದೆಯೇ ಬರೆಯುವುದು. ಅರವತ್ತೆರಡು, ಮೂವತ್ತೆರಡು, ನಾಲ್ಕು, ಎರಡು. ಕೂಡಿದರೆ ಸರಿಯಾಗಿ ನೂರು. ಮುಂದಿನದಕ್ಕೆ ಅರವತ್ನಾಲ್ಕು, ಮೂವತ್ತು. ನೋಡಿದವರಿಗೆ ಆರೋಗ್ಯವಂತರ ರಕ್ತ. ಯಾರು ನೋಡುತ್ತಾರೆ ಡಿಸಿಯನ್ನು ಎಂಬ ಧೈರ್ಯ. ನೋಡುವವರು ಜಗತ್ತಿನಲ್ಲಿ ಒಬ್ಬರೇ ಇದ್ದರು, ಅವರು ನನ್ನ ಪಕ್ಕದ ಸ್ಟೂಲಿನಲ್ಲೇ ಕುಳಿತಿದ್ದರು. ಅವರು ನನ್ನ ಅಂಕಿಗಳನ್ನು ಎಂದೂ ಮರುಪರೀಕ್ಷೆ ಮಾಡಲಿಲ್ಲ, ಏಕೆಂದರೆ ನನ್ನನ್ನು ನಂಬಿದ್ದರು. ಏಳೆಂಟು ತಿಂಗಳು ಹೀಗೇ ನಡೆಯಿತು. ಆಮೇಲೆ ಜೆಪಿ ನಗರದ ಕೆಲಸ ಬಿಟ್ಟೆ, ಮತ್ತೆ ನೆಟ್ಟಗೆ ಎಣಿಸತೊಡಗಿದೆ, ಮರೆತೂಬಿಟ್ಟೆ.

ಮುಂದಿನ ವರ್ಷ ಹಾಳೆಯ ಮೇಲೆ ಕೆಂಪು ಚುಕ್ಕಿಗಳು ತಪ್ಪು ಜಾಗದಲ್ಲಿ ಬೀಳತೊಡಗಿದವು. ಗೆರೆಯ ಎಡಕ್ಕೆ, ಹಸಿರಿನ ನಡುವೆ. ರಕ್ತ ಚೆನ್ನಾಗಿತ್ತು, ಆದರೂ ಮನುಷ್ಯ ಹೋದ. ಒಂದು, ಎರಡು, ಹೀಗೆ ಒಂಬತ್ತಾದವು. ಮೇಡಂ ಅವಕ್ಕೆ ಹಠಮಾರಿಗಳು ಎಂದು ಹೆಸರಿಟ್ಟರು. ಮೊದಮೊದಲು ತಮಾಷೆ ಮಾಡಿದರು, ಆಮೇಲೆ ತಲೆ ಕೆಡಿಸಿಕೊಂಡರು. ವಯಸ್ಸು ನೋಡಿದರು, ಗಡ್ಡೆಯ ಅಳತೆ ನೋಡಿದರು, ಸಕ್ಕರೆ ಕಾಯಿಲೆ ಇತ್ತೇ ಎಂದು ಹುಡುಕಿದರು. ಕೋಡುಬಳೆ ಕೈಯಲ್ಲೇ ಹಿಡಿದುಕೊಂಡು ಹಾಳೆಯ ಮುಂದೆ ನಿಂತಿರುತ್ತಿದ್ದರು.

ಆ ಹೊತ್ತಿಗೇ ಯುವ ಡಾಕ್ಟರು ಆಸ್ಪತ್ರೆಯ ಶನಿವಾರದ ಸಭೆಯಲ್ಲಿ ಹಾಳೆಯನ್ನು ಎಲ್ಲರಿಗೂ ತೋರಿಸಲು ಏರ್ಪಾಡು ಮಾಡಿದರು. ಚೀಫ್ ಸರ್ಜನ್ ಒಪ್ಪಿದರೆ ಹಳದಿ ಚೀಟಿ ಇಡೀ ಆಸ್ಪತ್ರೆಯ ನಿಯಮವಾಗುತ್ತಿತ್ತು. ಮೇಡಂ ಇಸ್ತ್ರಿ ಮಾಡಿದ ರೇಷ್ಮೆ ಸೀರೆ ಉಟ್ಟುಕೊಂಡು ಬಂದಿದ್ದರು. ಚೀಫ್ ಎಲ್ಲವನ್ನೂ ಕೇಳಿಸಿಕೊಂಡು, ಪೆನ್ನಿನ ತುದಿಯನ್ನು ಎಡಗಡೆಯ ಕೆಂಪು ಚುಕ್ಕಿಗಳ ಮೇಲಿಟ್ಟು ಕೇಳಿದರು. "ಇವರಿಗೆ ಏನು ಹೇಳ್ತೀರಮ್ಮ? ನಿಮ್ಮ ಪ್ರಕಾರ ಇವರ ರಕ್ತ ಫಸ್ಟ್ ಕ್ಲಾಸ್. ಒಂಬತ್ತು ಜನಾನೂ ಇಲ್ಲ. ಇದು ಮೆಡಿಸಿನ್ನೋ, ಗಿಳಿಶಾಸ್ತ್ರಾನೋ?" ಯಾರೋ ನಕ್ಕರು. "ಈ ಒಂಬತ್ತಕ್ಕೆ ಉತ್ತರ ಸಿಗೋ ತನಕ ಚೀಟಿಗೀಟಿ ಬೇಡ. ನಿಲ್ಲಿಸಿ" ಎಂದು ಎದ್ದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ, ಈಗ ಯೋಚಿಸಿದರೆ.

ನಾನು ಹಿಂದಿನ ಸಾಲಿನಲ್ಲಿ ನಿಂತಿದ್ದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತಲ್ಲ, ಹಾಗೆ ನನ್ನ ಕಣ್ಣು ಆ ಒಂಬತ್ತು ಚುಕ್ಕಿಗಳ ಪಕ್ಕ ಬರೆದಿದ್ದ ನಂಬರುಗಳ ಮೇಲೆ ಹೋಯಿತು. ಒಂಬತ್ತೂ ಸಮ ಸಂಖ್ಯೆ.

ಸೋಮವಾರ ಬಂದಾಗ ಮೇಡಂ ಹಾಳೆಯನ್ನು ಗೋಡೆಯಿಂದ ಕಿತ್ತು ಸುರುಳಿ ಸುತ್ತುತ್ತಿದ್ದರು. "ಬಿಡೋ. ಎರಡು ವರ್ಷ ಹುಚ್ಚಾಟ ಆಡಿದ್ದಾಯ್ತು" ಎಂದು ತಣ್ಣಗೆ ಹೇಳಿದರು. ಅವರು ತಣ್ಣಗೆ ಮಾತಾಡಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ನನಗೆ ದುಃಖ ಉಕ್ಕಿ ಬಂತು.

"ಮೇಡಂ, ಆ ಒಂಬತ್ತೂ ನಂದು."

"ನಿಂದು ಅಂದ್ರೆ?"

"ನಾನು ಎಣಿಸ್ಲಿಲ್ಲ ಮೇಡಂ. ಗಾಜು ನೋಡ್ದೇನೇ ಬರೆದೆ. ಸಂಜೆ ಬೇಗ ಹೋಗ್ಬೇಕಿತ್ತು. ಏಳೆಂಟು ತಿಂಗಳು..."

ಅವರು ಕನ್ನಡಕ ತೆಗೆದರು. ಕಪಾಳಕ್ಕೆ ಬೀಳುತ್ತದೆ ಎಂದು ಕಣ್ಣು ಮುಚ್ಚಿದೆ. ಕೇಳಿಸಿದ್ದು ಒಂದು ಕಿರುಚು. "ಅಯ್ಯೋ ದೇವರೇ! ಹಂಗಾದ್ರೆ ನನ್ನ ಗೆರೆ ಸರಿ ಇದೆಯೇನೋ!" ಕಣ್ಣು ಬಿಟ್ಟರೆ ಆ ದಪ್ಪ ಹೆಂಗಸು ಸ್ಟೂಲನ್ನು ಎಳೆದು, ಅದರ ಮೇಲೆ ಹತ್ತಿ, ಅಲಮಾರಿಯ ಮೇಲಿಂದ ಮೈಸೂರುಪಾಕಿನ ಖಾಲಿ ಡಬ್ಬಗಳನ್ನು ಇಳಿಸುತ್ತಿದ್ದರು. ಬಾಯಿ ಕ್ಯಾನ್ಸರ್‌ನವರ ಒಂದೊಂದು ಗಾಜನ್ನೂ ಅವರು ಆ ಡಬ್ಬಗಳಲ್ಲಿ ಹತ್ತಿ ಹಾಸಿ ಇಟ್ಟಿದ್ದರು. ಬೇರೆ ಲ್ಯಾಬಿನವರಾದರೆ ತೊಳೆದು ಮತ್ತೆ ಬಳಸುತ್ತಿದ್ದರು.

ಯುವ ಡಾಕ್ಟರನ್ನು ಕರೆಸಿದೆವು. ಬಾಗಿಲು ಹಾಕಿಕೊಂಡು ಶುರು ಮಾಡಿದೆವು. ಮೇಡಂ ಮೈಕ್ರೋಸ್ಕೋಪಿಗೆ ಕಣ್ಣಿಟ್ಟರು, ನಾನು ಬರೆದುಕೊಳ್ಳಬೇಕು. ಬಣ್ಣ ಸ್ವಲ್ಪ ಮಾಸಿತ್ತು, ಆದರೂ ಕಣಗಳು ಕಾಣುತ್ತಿದ್ದವು. ಟಕ್ ಟಕ್ ಟಕ್ ಟಕ್. ಬಹಳ ಹೊತ್ತು ಒಂದೇ ಗುಂಡಿಯ ಸದ್ದು. ಟಣ್.

"ಬರ್ಕೋ. ಎಂಬತ್ತೆರಡು, ಹತ್ತು."

ನಾನು ಬರೆದಿದ್ದದ್ದು ಅರವತ್ತೆರಡು, ಮೂವತ್ತೆರಡು. ಹಾಳೆಯ ಮೇಲೆ ಆ ಚುಕ್ಕಿ ಗೆರೆ ದಾಟಿ ಎಷ್ಟೋ ದೂರ ಬಲಕ್ಕೆ ಹೋಯಿತು. "ಹೋತ್ರಿ ಒಂದು!" ಎಂದು ಡಾಕ್ಟರು ತೊಡೆ ತಟ್ಟಿದರು. ಎರಡನೆಯದೂ ದಾಟಿತು. ಮೂರನೆಯದು, ನಾಲ್ಕನೆಯದು. ಪ್ರತಿ ಗಂಟೆಗೂ ಮೂವರೂ ಉಸಿರು ಬಿಗಿಹಿಡಿಯುವುದು, ಅಂಕಿ ಕೇಳಿ ಹುಯ್ಯಲೆಬ್ಬಿಸುವುದು. ಹೊರಗಿನಿಂದ ನರ್ಸೊಬ್ಬರು ಬಾಗಿಲು ಬಡಿದು, "ಮ್ಯಾಚ್ ನೋಡ್ತಿದ್ದೀರಾ?" ಎಂದು ಕೇಳಿದರು. ನನ್ನ ಕಳ್ಳತನ ಬಯಲಾಗುತ್ತಿತ್ತು, ನಾನೇ ಕುಣಿಯುತ್ತಿದ್ದೆ. ನಾಚಿಕೆಯೂ ಸಂತೋಷವೂ ಒಟ್ಟಿಗೆ ಬಂದರೆ ಮನುಷ್ಯ ಹೇಗಿರುತ್ತಾನೆಂದು ಅವತ್ತು ನನಗೆ ತಿಳಿಯಿತು. ಒಂಬತ್ತರಲ್ಲಿ ಎಂಟು ಗೆರೆ ದಾಟಿದವು. ಒಂದು ಮಾತ್ರ ದಾಟಲಿಲ್ಲ. ಎರಡು ಸಲ ಎಣಿಸಿದರೂ ಅದು ನಿಜವಾಗಿಯೇ ಒಳ್ಳೆಯ ರಕ್ತ. "ಇರ್ಲಿ ಬಿಡು, ಒಬ್ಬನಾದರೂ ಹಠಮಾರಿ ಇರ್ಬೇಕು. ಎಲ್ಲಾ ಸರಿಹೋದ್ರೆ ಆ ಚೀಫ್ ನಂಬಲ್ಲ" ಎಂದರು ಮೇಡಂ.

ನಗುತ್ತಿದ್ದ ಮೇಡಂ ಥಟ್ಟನೆ ನನ್ನತ್ತ ತಿರುಗಿದರು. "ಏಳೆಂಟು ತಿಂಗಳು ಅಂದ್ಯಲ್ಲ. ಸತ್ತೋರು ಸರಿ. ಬದುಕಿರೋರದ್ದೂ ನೋಡ್ದೆ ಬರೆದಿದ್ದೀಯ ತಾನೆ?"

ಅದು ನನಗೆ ಹೊಳೆದೇ ಇರಲಿಲ್ಲ. ಹಳದಿ ಚೀಟಿ ಸಿಗಬೇಕಾಗಿದ್ದೂ ಸಿಗದೇ ಹೋದವರು, ಇನ್ನೂ ಬದುಕಿರುವವರು. ಉಳಿದ ಸಮ ನಂಬರುಗಳನ್ನೆಲ್ಲ ಆ ದಿನವೂ ಮರುದಿನವೂ ಎಣಿಸಿದೆವು. ನನಗೆ ಎಣಿಸಲು ಬಿಡಲಿಲ್ಲ. ಗೆರೆ ದಾಟಿದವರಲ್ಲಿ ಹೆಚ್ಚಿನವರು ಹೇಗೋ ತಪ್ಪದೆ ಆಸ್ಪತ್ರೆಗೆ ಬರುತ್ತಿದ್ದವರು. ಒಬ್ಬರು ಮಾತ್ರ ಐದು ತಿಂಗಳಿಂದ ಬಂದಿರಲಿಲ್ಲ. ಇಟ್ಟಮಡುವಿನ ಗೌಡರು, ಹಳೆಯ ರೈತರು, ಹೊಲವೆಲ್ಲ ಲೇಔಟಾಗಿ ಈಗ ನಾಲ್ಕು ಮನೆ ಕಟ್ಟಿ ಬಾಡಿಗೆಗೆ ಕೊಟ್ಟಿದ್ದವರು. ಕೆನ್ನೆಯ ಆಪರೇಷನ್ ಆಗಿತ್ತು. ಮೇಡಂ ಕೈಚೀಲ ಎತ್ತಿಕೊಂಡು, "ಹೊರಡು" ಎಂದರು.

ಇಟ್ಟಮಡುವಿನಲ್ಲಿ ಗೌಡರು ಜಗಲಿಯ ಮೇಲೆಯೇ ಕುಳಿತಿದ್ದರು. ನನಗೆ ಹೋದ ಜೀವ ಬಂದಂತಾಯಿತು. "ಬನ್ನಿ ಮೇಡಮ್ನೋರೆ, ಕುಂತ್ಕಳಿ. ನಾನು ಚೆಂದಾಗಿವ್ನಿ" ಎಂದರು, ಮಾತು ಸ್ವಲ್ಪ ತೊದಲು. ಮೇಡಂ ನೀರು ಕೇಳಲಿಲ್ಲ, ಗೋಡೆ ನೋಡಲಿಲ್ಲ. ನೆಟ್ಟಗೆ, "ಗೌಡ್ರೇ, ಗದ್ದ ಸ್ವಲ್ಪ ಮೇಲಕ್ಕೆ ಎತ್ತಿ" ಎಂದರು. ದವಡೆಯ ಕೆಳಗೆ ಅಡಿಕೆ ಗಾತ್ರದ ಒಂದು ಗಂಟು. "ಅದಾ? ಗಡ್ಡ ಹೆರೆಯೋವಾಗ ಗಾಯ ಆಗಿತ್ತು, ಅದಕ್ಕೇ ಬಂದೈತೆ" ಎಂದರು ಗೌಡರು. ಅವರ ಹೆಂಡತಿ ಬಾಗಿಲಲ್ಲಿ ನಿಂತು, "ನೋವಿಲ್ವಂತೆ ಕಣಮ್ಮ, ಅದುಕ್ಕೇ ಸುಮ್ಕಿದ್ವಿ" ಎಂದರು. ನಾನು ಬಾಯಿ ತೆರೆಯಲು ಹೋದೆ. ಮೇಡಂ ನನ್ನ ಕೈ ಚಿವುಟಿದರು. "ಈಗಲ್ಲ. ಮೊದಲು ಬರ್ಲಿ."

ಗೌಡರು ಮರುದಿನ ಬಂದರು. ಯುವ ಡಾಕ್ಟರು ಅದೇ ವಾರ ಕತ್ತಿನ ಗಂಟುಗಳನ್ನೆಲ್ಲ ತೆಗೆದರು. "ಇನ್ನೆರಡು ತಿಂಗಳು ಬಿಟ್ಟಿದ್ರ ಕೈಗೆ ಸಿಗ್ತಿರಲಿಲ್ರಿ" ಎಂದರು. ಶನಿವಾರದ ಸಭೆಗೆ ಮೇಡಂ ಅದೇ ರೇಷ್ಮೆ ಸೀರೆಯಲ್ಲಿ ಹೋದರು. ಹಳೆಯ ಅಂಕಿ, ಹೊಸ ಅಂಕಿ ಎರಡನ್ನೂ ಪಕ್ಕಪಕ್ಕ ಬರೆದು ಗೋಡೆಗೆ ಹಾಕಿ, "ಮೊದಲನೇದು ನಮ್ಮ ಲ್ಯಾಬಿನವರು ನೋಡದೇ ಬರೆದದ್ದು ಸಾರ್. ಎರಡನೇದು ನೋಡಿ ಬರೆದದ್ದು. ಗಾಜು ಇದೆ, ಯಾರು ಬೇಕಾದ್ರೂ ಎಣಿಸ್ಬಹುದು" ಎಂದರು. ಚೀಫ್ ನಿಜವಾಗಿಯೂ ಎದ್ದು ಬಂದು, ಮೈಕ್ರೋಸ್ಕೋಪ್ ತರಿಸಿ, ಒಂದು ಗಾಜನ್ನು ತಾವೇ ಎಣಿಸಿದರು. ಕಾಲು ಗಂಟೆ ಹಿಡಿಯಿತು. ಟಣ್ ಎಂದಿತು. ತಲೆ ಎತ್ತಿ, "ಚೀಟಿ ಯಾವ ಬಣ್ಣ ಅಂದ್ರಿ?" ಎಂದು ಕೇಳಿದರು. ನಾನು ಕೂಗಿಕೊಳ್ಳದಂತೆ ಬಾಯಿಗೆ ಕೈ ಅಡ್ಡ ಹಿಡಿದುಕೊಂಡೆ.

ವರ್ಷಗಳ ನಂತರ, ಮೇಡಂ ನಿವೃತ್ತರಾಗಿದ್ದಾಗ, ಹೊರದೇಶದ ಡಾಕ್ಟರರು ಕರುಳಿನ ಕ್ಯಾನ್ಸರ್‌ನಲ್ಲಿ ಇದೇ ಭಾಗಾಕಾರ ಮಾಡಿ ಬರೆದಿದ್ದ ಲೇಖನವೊಂದನ್ನು ಇಂಟರ್ನೆಟ್‌ನಿಂದ ಪ್ರಿಂಟ್ ತೆಗೆಸಿ ಅವರ ಮನೆಗೆ ಓಡಿದ್ದೆ. ನಮ್ಮದನ್ನು ನಾವು ಎಲ್ಲೂ ಬರೆಯಲಿಲ್ಲವಲ್ಲ ಎಂದು ನನಗೆ ಹೊಟ್ಟೆಕಿಚ್ಚು. ಅವರಿಗೆ ಅದರ ಸುಳಿವೇ ಇಲ್ಲ. "ನೋಡ್ರೀ, ಅವರಿಗೂ ಹಂಗೇ ಬಂದಿದೆಯಂತೆ!" ಎಂದು ಯಜಮಾನರನ್ನು ಕೂಗಿದರು. ಬಾಯಿ ಕ್ಯಾನ್ಸರ್ ಬಗ್ಗೆ ಏನೂ ಇಲ್ಲವಲ್ಲ ಎಂದೆ. "ಕರುಳಿಗೆ ಬಂದೋರು ಬಾಯಿಗೂ ಬರ್ತಾರೆ ಬಿಡೋ" ಎಂದು ನಕ್ಕರು. ಇಂಥವರು ಇವರು.

ಮತ್ತೆ ಆ ವರ್ಷಕ್ಕೇ ಬರುತ್ತೇನೆ. ಇಷ್ಟೆಲ್ಲ ಆಯಿತು, ನನಗೆ ಮಾತ್ರ ಅವರು ಬೈಯಲೇ ಇಲ್ಲ. ಗೌಡರ ಗಾಯ ಮಾಗಿ, ರೇಡಿಯೇಷನ್ನಿನ ಕರೆಂಟು ಕೊಡುವುದೂ ಮುಗಿದು, ಅವರು ಮನೆಯಲ್ಲಿ ಗಂಜಿ ಬಿಟ್ಟು ಮುದ್ದೆ ಉಣ್ಣತೊಡಗಿದ ಮೇಲೆ ಒಂದು ಬೆಳಿಗ್ಗೆ ಮೇಡಂ, "ಇವತ್ತು ಹೋಗಿ ಹೇಳಿ ಬರೋಣ ಬಾ" ಎಂದರು.

ಜಗಲಿಯ ಮೇಲೆ ಗೌಡರು, ಪಕ್ಕದಲ್ಲಿ ಹೆಂಡತಿ ಅವರೆಕಾಯಿ ಸುಲಿಯುತ್ತಿದ್ದರು. ಮೇಡಂ ದೂರದಲ್ಲಿ ಕೂತು ಸೆರಗು ಹೊದ್ದುಕೊಂಡರು. ನಾನು ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಹೋದ ವರ್ಷ ನಿಮ್ಮ ರಕ್ತ ನನ್ನ ಕೈಗೆ ಬಂದಿತ್ತು, ನಾನು ನೋಡಲಿಲ್ಲ, ನೋಡಿದೆ ಎಂದು ಬರೆದೆ, ನೋಡಿದ್ದರೆ ನಿಮ್ಮನ್ನು ತಿಂಗಳು ತಿಂಗಳೂ ಕರೆಸುತ್ತಿದ್ದರು, ಕತ್ತಿನ ಗಂಟು ಅಷ್ಟಾಗುವ ತನಕ ಇರುತ್ತಿರಲಿಲ್ಲ. ಗೌಡತಿಯ ಕೈ ಕಾಯಿಯ ಮೇಲೆ ನಿಂತಿತು. "ನೋಡ್ದೆ ಬರೆದ್ಯಾ? ಈ ಮನ್ಸ ಹೋಗ್ಬುಟ್ಟಿದ್ರೆ?" ಎಂದರು. ಅವರು ಮೊರವನ್ನು ಎತ್ತಿಕೊಂಡು ಒಳಗೆ ಹೋಗಿಬಿಟ್ಟರು.

ಗೌಡರು ನನ್ನತ್ತ ತಿರುಗಿದರು. ಕತ್ತಿನ ಗಾಯದ ಗುರುತು ಇನ್ನೂ ಕೆಂಪಗಿತ್ತು. ಆಮೇಲೆ ನಿಧಾನವಾಗಿ ಅಂಗಿಯ ತೋಳನ್ನು ಮೊಣಕೈ ಮೇಲಕ್ಕೆ ಮಡಚಿ, ಕೈಯನ್ನು ಜಗಲಿಯ ಮೇಲೆ ಚಾಚಿದರು.

"ಅವತ್ತು ನೋಡ್ನಿಲ್ಲ. ಇವತ್ತು ನೋಡು."

ಮೇಡಂ ಕೈಚೀಲದಿಂದ ಸಿರಿಂಜು, ಹತ್ತಿ, ಗಾಜಿನ ಕೊಳವೆ ತೆಗೆದು ನನ್ನ ಮುಂದಿಟ್ಟರು. ನಾನು ನರ ಹುಡುಕಿ ಸೂಜಿ ಇಟ್ಟೆ. "ಅಲ್ಲಾಡ್ಬ್ಯಾಡ ಕಣಪ್ಪ, ನಿಧಾನ" ಎಂದರು ಗೌಡರು.

ಲ್ಯಾಬಿಗೆ ಬಂದು ನಾನೇ ಗಾಜು ಎಳೆದೆ, ನಾನೇ ಬಣ್ಣ ಹಾಕಿದೆ. ಮೇಡಂ ನನ್ನ ಹಿಂದೆ ಬಂದು ನಿಂತರು. ನೂರಕ್ಕೆ ಗಂಟೆ ಹೊಡೆಯಿತು. ನಾನು ಏಳಲಿಲ್ಲ. ಗೌಡರ ಆ ಒಂದು ಗಾಜಿನ ಮೇಲೆ ಅವತ್ತು ಇನ್ನೂರು ಎಣಿಸಿದೆ.